ಜಪಸರಕ್ಕೆ ಒಂದು ಕ್ಲಿಪ್ಪು

ಅಮ್ಮನ ಜಪಸರಕ್ಕೆ ಒಂದು ನೀಲಿ ಪ್ಲಾಸ್ಟಿಕ್ ಕ್ಲಿಪ್ಪು ಇತ್ತು. ಬಟ್ಟೆ ಒಣಗಿಸುವ ಕ್ಲಿಪ್ಪೇ, ಬೇರೇನಲ್ಲ. ಅದರ ಸ್ಪ್ರಿಂಗ್ ತುಕ್ಕು ಹಿಡಿದು ಮಣಿಯೊಂದಕ್ಕೆ ಕಂದು ಕಲೆ ಕೂಡ ಬಿದ್ದಿತ್ತು.

ನಮ್ಮದು ಕಾಸರಗೋಡಿನ ಬೇಳ. 1890ರ ಹಳೇ ಇಗರ್ಜಿಯ ಊರು. ಕತ್ತಲಾಗುತ್ತಲೇ ಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಐದು ರಹಸ್ಯ, ಅಂದರೆ ಯೇಸು ಮತ್ತು ಅವನ ತಾಯಿ ಮರಿಯಮ್ಮನ ಬದುಕಿನ ಐದು ಘಟನೆ. ಒಂದೊಂದಕ್ಕೆ ಹತ್ತು ನಮಾನ್ ಮರಿಯೆ, ಮಣಿಗೊಂದರಂತೆ ಮರಿಯಮ್ಮನ ಜಪ. ಮೂರನೇ ಹತ್ತಕ್ಕೆ ನಾವು ಮಕ್ಕಳು ತೂಕಡಿಸುತ್ತಿದ್ದೆವು. ಯಾರಾದರೂ ಬಾಗಿಲು ಬಡಿಯಲಿ ಅನ್ನುವುದೇ ನಮ್ಮ ಪ್ರಾರ್ಥನೆ. ಅದು ಬೇಗ ಫಲಿಸುತ್ತಿತ್ತು.

"ಬಾಯಮ್ಮಾ, ದನ ನೋವು ತಿನ್ನುತ್ತಿದೆ, ಒಮ್ಮೆ ಬನ್ನಿ."

ಕರು ಅಡ್ಡ ಸಿಕ್ಕಿಕೊಂಡರೆ ಬಿಡಿಸುವುದು ಅಮ್ಮನಿಗೆ ಗೊತ್ತಿತ್ತು. ಕೈಯಲ್ಲಿದ್ದ ಮಣಿಗೆ ಕ್ಲಿಪ್ಪು ಹಾಕಿ, ಸರವನ್ನು ಮೊಳೆಗೆ ನೇತುಹಾಕಿ, ಟಾರ್ಚ್ ಹಿಡಿದು ಹೊರಟೇಬಿಡುತ್ತಿದ್ದಳು. ಅಪ್ಪನಿಗೆ ಸಿಟ್ಟು. "ಮುಗಿಸಿ ಹೋದರೆ ಆಗುವುದಿಲ್ವಾ?"

ನಾನೂ ಒಮ್ಮೆ ಕೇಳಿದ್ದೆ, ಎಲ್ಲಿ ನಿಲ್ಲಿಸಿದ್ದು ಅಂತ ದೇವರಿಗೆ ಗೊತ್ತಿರುತ್ತಲ್ಲ, ಕ್ಲಿಪ್ಪು ಯಾಕೆ ಅಂತ. "ಅವನಿಗೆ ಗೊತ್ತುಂಟು ಮಾರಾಯ. ಮರೆಯುವುದು ನಾನು."

ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಏಳುವುದು ಸುಲಭ ಅಲ್ಲ. ದೇವರು ಮುನಿಸಿಕೊಳ್ಳುವುದಿಲ್ಲ ಎಂಬ ಸಲಿಗೆ ಬೇಕು. ನಾನಂತೂ ಹೆದರುತ್ತೇನೆ.

ಸೋಮವಾರ ಹೇಳುವ ಸಂತೋಷದ ರಹಸ್ಯಗಳಲ್ಲಿ ಎರಡನೆಯದು ನೋಡಿ. ದೇವದೂತ ಬಂದು ಹೋದದ್ದೇ ತಡ, ಮರಿಯಮ್ಮ ಗುಡ್ಡದ ದಾರಿ ಹಿಡಿದು ಬಸುರಿ ಎಲಿಜಬೇತಳ ಮನೆಗೆ ನಡೆದಳು. ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು ಅನ್ನುತ್ತಾನೆ ಸುವಾರ್ತೆ ಬರೆದ ಲೂಕ. ಎಷ್ಟು ಕೊಡ ನೀರು ಸೇದಿದಳೋ, ಅದನ್ನು ಬರೆದಿಲ್ಲ.

ಪ್ರಾರ್ಥಿಸುವುದು ಹೇಗೆ ಎಂದು ಶಿಷ್ಯರು ಕೇಳಿದಾಗ ಯೇಸು ಹೇಳಿದ ಕಥೆಯೂ ಲೂಕನಲ್ಲೇ ಇದೆ. ಒಬ್ಬ ನಡುರಾತ್ರಿ ಗೆಳೆಯನ ಬಾಗಿಲು ಬಡಿದು ಮೂರು ರೊಟ್ಟಿ ಕೇಳುತ್ತಾನೆ. ಬಿಡದೆ ಕೇಳಿದರೆ ಸಿಗುತ್ತದೆ ಎಂದು ಪಾದ್ರಿಗಳು ಪ್ರಸಂಗದಲ್ಲಿ ಹೇಳುತ್ತಾರೆ, ಸರಿಯೇ. ಆದರೆ ಅವನು ಕೇಳಿದ್ದು ತನ್ನ ಹೊಟ್ಟೆಗಲ್ಲ, ಹೊತ್ತಲ್ಲದ ಹೊತ್ತಿಗೆ ಮನೆಗೆ ಬಂದವನಿಗೆ. ಒಳಗಿದ್ದವನ ನೆಪವೂ ಚೆನ್ನಾಗಿದೆ: ಬಾಗಿಲು ಹಾಕಿಯಾಗಿದೆ, ಮಕ್ಕಳು ಮಲಗಿದ್ದಾರೆ.

ನನ್ನ ನೆಪ ಇನ್ನೂ ಭಕ್ತಿಯದ್ದು. ಒಂದು ಮಳೆಗಾಲದ ರಾತ್ರಿ ಆಚೆಮನೆಯವರು ಅಂಗಳದಲ್ಲಿ ನಿಂತು ಕರೆದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಿತ್ತು, ನನ್ನಲ್ಲಿ ಕಾರಿತ್ತು. ಕೊನೆಯ ಹತ್ತು ಬಾಕಿ. ಮುಗಿಸಿಯೇ ಎದ್ದೆ. ಐದು ನಿಮಿಷ, ಜಾಸ್ತಿಯಿಲ್ಲ. ಹೊರಗೆ ಬರುವಾಗ ಅವರು ರಿಕ್ಷಾ ಹಿಡಿದು ಹೋಗಿಯಾಗಿತ್ತು. ಅನಾಹುತವೇನೂ ಆಗಲಿಲ್ಲ. ವಾಪಸ್ ಬಂದ ಮೇಲೆ ನಗುತ್ತಲೇ ಮಾತಾಡಿಸಿದರು. ಆ ಹತ್ತು ನಮಾನ್ ಮರಿಯೆ ಯಾರ ಲೆಕ್ಕಕ್ಕೆ ಹೋಯಿತೋ.

ಅಮ್ಮನ ಸರ ಈಗ ನನ್ನ ಹತ್ತಿರ ಇದೆ, ಕಲೆಯ ಸಮೇತ. ಕಳೆದ ಸೋಮವಾರ ಎರಡನೇ ರಹಸ್ಯದ ನಡುವೆ ಗೇಟು ಕಿರ್ರೆಂದಿತು. ಕ್ಲಿಪ್ಪಿಗೆ ತಡಕಾಡಿದೆ. ಅದು ಹೊರಗೆ ಹಗ್ಗದಲ್ಲಿ ಒದ್ದೆ ಟವೆಲ್ ಕಚ್ಚಿಕೊಂಡಿತ್ತು. ಸರವನ್ನು ಹಾಗೇ ಜೇಬಿಗೆ ತುರುಕಿ ಎದ್ದೆ. ಏಳನೇ ಮಣಿಯೋ, ಎಂಟನೆಯದೋ.