ಸಂಭಾವನೆ ಎಷ್ಟು ಎಂದು ಕೇಳುವುದು ತಪ್ಪಲ್ಲ

ನಿನ್ನೆ ಒಂದು ಕಮ್ಮಟಕ್ಕೆ ಹೋಗಿದ್ದೆ. ಪ್ರವಾಸ ಬರಹವನ್ನೇ ವೃತ್ತಿಯಾಗಿಸಿಕೊಳ್ಳುವುದು ಹೇಗೆ ಎಂಬುದು ಗೋಷ್ಠಿಯ ವಿಷಯ. ಪದವಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಒಂದು ಲೇಖನಕ್ಕೆ ಸಂಭಾವನೆ ಎಷ್ಟು ಸಿಗುತ್ತದೆ?" ಎಂದು ಕೇಳಿದಳು. ಸಭೆ ನಕ್ಕಿತು. ವೇದಿಕೆಯ ಮೇಲಿದ್ದವರೂ ನಕ್ಕರು. "ಮೊದಲು ಬರಿಯಮ್ಮ, ಹೆಸರು ಬರಲಿ, ಹಣ ತಾನಾಗಿ ಬರುತ್ತದೆ" ಎಂಬ ಉತ್ತರಕ್ಕೆ ಚಪ್ಪಾಳೆಯೂ ಬಿತ್ತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕುಳಿತಳು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಗುವಂಥದ್ದು ಏನಿತ್ತು? ವೃತ್ತಿಯ ಬಗ್ಗೆ ಕರೆದ ಗೋಷ್ಠಿಯಲ್ಲಿ ವೃತ್ತಿಯ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಉಳಿದ ಮಾತೆಲ್ಲ ಅಲೆಮಾರಿತನ, ಅನುಭೂತಿ, ಆತ್ಮಶೋಧನೆಯ ಸುತ್ತಲೇ ತಿರುಗಿತು. ಬಾಡಿಗೆ ಮನೆಯಲ್ಲಿದ್ದು, ಬರಹವನ್ನೇ ನಂಬಿ, ಮಗುವಿನ ಶಾಲೆಯ ಶುಲ್ಕ ಕಟ್ಟುವವನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಹಣ ತಾನಾಗಿ ಬರುವುದಿಲ್ಲ. ಕೇಳಬೇಕು, ನೆನಪಿಸಬೇಕು, ಮತ್ತೆ ಕೇಳಬೇಕು. ಮಾಸಪತ್ರಿಕೆಯೊಂದು ನನ್ನ ಹಂಪಿಯ ಲೇಖನವನ್ನು ಮುಖಪುಟದಲ್ಲಿ ಸಾರಿ ಅಚ್ಚು ಹಾಕಿತು. ಸಂಭಾವನೆ ಕೇಳಿ ಪತ್ರ ಬರೆದರೆ, "ನಿಮ್ಮಂಥವರೂ ಹಣದ ಮಾತಾಡಿದರೆ ಹೇಗೆ?" ಎಂಬ ಉತ್ತರ ಬಂತು. ಹೌದು, ನನ್ನಂಥವರೇ ಆಡಬೇಕು.

ಈ ಕೆಲಸದಲ್ಲಿ ದುಡಿಮೆ ಎಲ್ಲಿದೆ ಎಂಬುದು ನಕ್ಕವರಿಗೆ ಗೊತ್ತಿದ್ದಂತಿಲ್ಲ. ಬಾದಾಮಿಯನ್ನೇ ತೆಗೆದುಕೊಳ್ಳಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಇಳಿದು, ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಫೋಟೊ ತೆಗೆದುಕೊಂಡು ಬರುವುದಕ್ಕೆ ಯಾರೂ ಹಣ ಕೊಡಬೇಕಾಗಿಲ್ಲ. ಅದು ನನ್ನ ಸಂತೋಷ. ಆದರೆ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ ಎಂದು ಬರೆಯುವ ಮೊದಲು ಅದನ್ನು ಪುಸ್ತಕದಲ್ಲಿ ಪರಿಶೀಲಿಸಬೇಕು. ಐಹೊಳೆಯ ಮೇಗುಟಿ ದೇವಾಲಯದಲ್ಲಿ ರವಿಕೀರ್ತಿ ಬರೆದ 634ರ ಶಾಸನ ಇಮ್ಮಡಿ ಪುಲಿಕೇಶಿಯ ಬಗ್ಗೆ ಏನು ಹೇಳುತ್ತದೆ, ನಮ್ಮ ಗೈಡುಗಳು ಅದಕ್ಕೆ ಏನೇನು ಸೇರಿಸಿ ಹೇಳುತ್ತಾರೆ ಎಂಬುದನ್ನು ಬೇರೆ ಮಾಡಬೇಕು. ಪಟ್ಟದಕಲ್ಲಿನಿಂದ ಹಿಂತಿರುಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಬೇಕು, ಏಕೆಂದರೆ ನನ್ನ ಲೇಖನ ನಂಬಿ ಹೋದ ಕುಟುಂಬವೊಂದು ಕತ್ತಲಲ್ಲಿ ರಸ್ತೆಬದಿ ನಿಲ್ಲಬಾರದು. ಇದು ದುಡಿಮೆ. ಸಂಭಾವನೆ ಇದಕ್ಕೆ.

ವೃತ್ತಿ ಕಟ್ಟುವುದನ್ನು ಕಲಿಸುವುದಾದರೆ ನಿಜವಾದ ಲೆಕ್ಕವನ್ನೇ ಕಲಿಸಬಹುದಿತ್ತು. "ನಾನು ಬಾದಾಮಿಗೆ ಹೋಗಿದ್ದೆ" ಎಂಬುದು ಲೇಖನವಲ್ಲ. ಪುಷ್ಯ ಮಾಸದ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳು ಒಂದು ಲೇಖನ. ಗುಳೇದಗುಡ್ಡದಲ್ಲಿ ಖಣ ಎಂಬ ರವಿಕೆ ಬಟ್ಟೆ ನೇಯುವವರ ಮನೆ ಇನ್ನೊಂದು. ಖಾನಾವಳಿಯ ಜೋಳದ ರೊಟ್ಟಿ ಮತ್ತೊಂದು. ಒಂದೇ ಪಯಣದ ಖರ್ಚು, ಬೇರೆ ಬೇರೆ ಪುರವಣಿಗಳಿಗೆ ಬೇರೆ ಬೇರೆ ಬರಹ. ಹಾಗೆ ಮಾಡದಿದ್ದರೆ ರೈಲಿನ ಟಿಕೆಟ್ಟಿನ ಹಣವೂ ಹುಟ್ಟುವುದಿಲ್ಲ. ಇದನ್ನು ವೇದಿಕೆಯಲ್ಲಿ ಯಾರಾದರೂ ಹೇಳಿದರೇ? ಇಲ್ಲ, ಹೆಸರು ಬರಲಿ ಎಂದರು.

ಕೃತಿಸ್ವಾಮ್ಯದ ಮಾತನ್ನೂ ಯಾರೂ ಎತ್ತಲಿಲ್ಲ. 1957ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ವಹಿಸುವುದು ಲಿಖಿತವಾಗಿ, ನಮ್ಮ ಸಹಿಯೊಂದಿಗೇ ಆಗಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಲೇಖಕರಿಗೆ ಕೊಡಬೇಕಾದ ಹಣ ಎಷ್ಟು ಎಂಬುದನ್ನೂ ಆ ಪತ್ರದಲ್ಲಿ ನಮೂದಿಸಬೇಕು ಎನ್ನುತ್ತದೆ ಅದೇ ಸೆಕ್ಷನ್. ಸಭೆ ನಕ್ಕ ಪ್ರಶ್ನೆಯನ್ನು ದೇಶದ ಕಾನೂನೇ ಕೇಳುತ್ತಿದೆ!

ಪತ್ರಿಕೆಗಳೇ ಕಷ್ಟದಲ್ಲಿವೆ, ಜಾಹೀರಾತು ಇಲ್ಲ, ಓದುಗರೆಲ್ಲ ರೀಲ್ಸ್ ನೋಡುತ್ತಾರೆ ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ಆ ಕಷ್ಟದಲ್ಲೂ ಮುದ್ರಣಾಲಯದ ಬಿಲ್ಲು ಪಾವತಿಯಾಗುತ್ತದೆ, ಪುಟ ವಿನ್ಯಾಸ ಮಾಡುವವರಿಗೆ ಸಂಬಳವಾಗುತ್ತದೆ. ಬರೆದವನ ಸರದಿ ಬಂದಾಗ ಮಾತ್ರ ಸಾಹಿತ್ಯಸೇವೆ ನೆನಪಾಗುತ್ತದೆ. ಹಣ ಕಡಿಮೆಯಿದ್ದರೆ ಕಡಿಮೆ ಎಂದು ಹೇಳಿ. ಇಷ್ಟೇ ಸಾಧ್ಯ ಎಂದವರಿಗೆ ನಾನು ಸಂತೋಷದಿಂದಲೇ ಬರೆದಿದ್ದೇನೆ.

ಹಣ ಕೊಡದಿದ್ದರೆ ಆ ಜಾಗಕ್ಕೆ ಯಾರು ಬರುತ್ತಾರೆ ಎಂಬುದನ್ನೂ ಯೋಚಿಸಿ. ರೆಸಾರ್ಟುಗಳು ಬರುತ್ತವೆ. ಉಚಿತ ವಸತಿ, ಉಚಿತ ಊಟ, ಕಾರು, ಬದಲಿಗೆ ಒಂದು ಲೇಖನ. ತಿಂಗಳಿಗೊಮ್ಮೆಯಾದರೂ ಇಂಥ ಕರೆ ನನಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜನ ಸತ್ತರು, ಮನೆಗಳು ಮಣ್ಣಿನಡಿ ಹೋದವು. ಅಂಥ ಊರಿಗೆ ಬರೆಯಲು ಹೋದವನು ಈ ಇಳಿಜಾರನ್ನು ಯಾರು ಕಡಿದರು, ಕಟ್ಟಡಕ್ಕೆ ಅನುಮತಿ ಇದೆಯೇ ಎಂದು ಕೇಳಲೇಬೇಕು. ಮಾಲೀಕರ ಊಟ ಉಂಡು, ಅವರ ಹಾಸಿಗೆಯಲ್ಲಿ ಮಲಗಿ ಎದ್ದವನ ಬಾಯಲ್ಲಿ ಆ ಪ್ರಶ್ನೆ ಹೇಗೆ ಬಂದೀತು? ಸಾಮಾಜಿಕ ಜಾಲತಾಣದಲ್ಲಿ ಪ್ರಚಾರ ಮಾಡುವವರು ಇಂಥ ಉಚಿತ ಪ್ರವಾಸ, ವಸತಿಯನ್ನು ಬಹಿರಂಗಪಡಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಹಾಗೆ ಹೇಳಿಕೊಂಡವರನ್ನು ನಾನು ಕಂಡದ್ದು ಬಹಳ ಕಡಿಮೆ. ಬರಹಕ್ಕೆ ಪತ್ರಿಕೆ ಹಣ ಕೊಟ್ಟರೆ ಬರಹಗಾರ ಓದುಗರ ಪರ ನಿಲ್ಲಬಲ್ಲ. ರೆಸಾರ್ಟ್ ಕೊಟ್ಟರೆ ರೆಸಾರ್ಟಿನ ಪರವೇ ನಿಲ್ಲಬೇಕು.

ಇಷ್ಟು ಹೇಳಿದ ಮೇಲೆ ಮುಚ್ಚಿಡುವುದೇನಿದೆ? ನನ್ನ ಮನೆ ನಡೆಯುವುದು ಪ್ರವಾಸ ಬರಹದಿಂದಲ್ಲ. ಅನುವಾದದಿಂದ, ಕಂಪನಿಗಳ ಕೈಪಿಡಿ ತಿದ್ದುವುದರಿಂದ, ಹೆಚ್ಚಾಗಿ ಹೆಂಡತಿಯ ಸಂಬಳದಿಂದ. ನನ್ನ ಫೋಟೊಗಳಿಗೆ "ಎಂಥ ಅದೃಷ್ಟವಂತರು ನೀವು" ಎಂದು ಬರೆಯುವ ಗೆಳೆಯರಿಗೆ ಈ ಮಾತು ಇದುವರೆಗೆ ಹೇಳಿರಲಿಲ್ಲ. ಅವಳ ಸಂಬಳ ಇಲ್ಲದಿದ್ದರೆ ರೆಸಾರ್ಟಿನವರ ಕರೆಗೆ ನಾನೂ ಬೇಡ ಎನ್ನಲು ಆಗುತ್ತಿರಲಿಲ್ಲ. ಬೇಡ ಎನ್ನುವ ಶಕ್ತಿ ಮನೆಯಲ್ಲಿ ಇನ್ನೊಂದು ಸಂಬಳ ಇರುವವರಿಗೆ ಮಾತ್ರ ಇದ್ದರೆ, ನಾಳೆ ಕನ್ನಡದಲ್ಲಿ ಊರುಗಳ ಬಗ್ಗೆ ಬರೆಯುವವರು ಉಳ್ಳವರ ಮಕ್ಕಳು ಮಾತ್ರ. ಇಳಕಲ್ಲಿನ ನೇಕಾರರ ಮಗಳು ತನ್ನ ಊರಿನ ಬಗ್ಗೆ ತಾನೇ ಬರೆಯುವುದು ಯಾವಾಗ?

ನನ್ನ ಸ್ನೇಹಿತರ ಪಟ್ಟಿಯಲ್ಲಿ ಪುರವಣಿ ಸಂಪಾದಕರಿದ್ದೀರಿ, ಮಾಸಪತ್ರಿಕೆ ನಡೆಸುವವರಿದ್ದೀರಿ. ಒಂದು ಪ್ರವಾಸ ಲೇಖನಕ್ಕೆ ಎಷ್ಟು ಕೊಡುತ್ತೀರಿ, ಅಚ್ಚಾದ ಎಷ್ಟು ದಿನಕ್ಕೆ ಕೊಡುತ್ತೀರಿ, ಫೋಟೊಗಳಿಗೆ ಬೇರೆ ಕೊಡುತ್ತೀರಾ, ಕೆಳಗೆ ಬರೆಯಿರಿ. ಕೊಡುವುದಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಬರೆದದ್ದನ್ನೆಲ್ಲ ಪಟ್ಟಿ ಮಾಡಿ ನಿನ್ನೆಯ ಕಮ್ಮಟದ ಎಲ್ಲ ವಿದ್ಯಾರ್ಥಿಗಳಿಗೆ ನಾನೇ ಕಳಿಸುತ್ತೇನೆ.