ಮುಳುಗಡೆ ಊರಿಗೆ ಸೀ ವ್ಯೂ ಫ್ಲ್ಯಾಟು

ಬಾಗಲಕೋಟೆಯವರ ಭಾಗ್ಯ ದೊಡ್ಡದು. ಆಲಮಟ್ಟಿ ಹಿನ್ನೀರಿಗೆ ಹೋಗುವ ಹೊಲದ ಪರಿಹಾರದ ದುಡ್ಡು ಬ್ಯಾಂಕಿಗೆ ಬರುವ ಮುಂಚೆಯೇ ದುಬೈ ಫ್ಲ್ಯಾಟಿನ ಪಾಂಪ್ಲೆಟ್, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಬಾಗಿಲಿಗೆ ಬಂದಿದೆ. ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ತೀರ್ಮಾನಿಸಿದ್ದು ಎಲ್ಲರಿಗೂ ಗೊತ್ತು. ಆಲಮಟ್ಟಿ ಅಣೆಕಟ್ಟಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರುವುದು ಯಾವಾಗ ಎಂಬುದು ಕೃಷ್ಣೆಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಯಾವ ಊರಿನ ಯಾವ ಗೌಡರಿಗೆ ಎಷ್ಟು ಎಕರೆಯ ದುಡ್ಡು ಬರಲಿದೆ ಎಂಬ ಲೆಕ್ಕ ಮಾತ್ರ ಟೈ ಕಟ್ಟಿದ ಹುಡುಗರ ಹತ್ತಿರ ಪಕ್ಕಾ ಇದೆ.

ಪಾಂಪ್ಲೆಟ್ಟಿನಲ್ಲಿ ನಾಲ್ಕೇ ಮಾತು. ತಿಂಗಳಿಗೆ ಬೆಲೆಯ ಬರೀ 1 ಪರ್ಸೆಂಟ್ ಕಂತು. ಟ್ಯಾಕ್ಸ್ ಸೊನ್ನೆ. ಗೋಲ್ಡನ್ ವೀಸಾ. ಸೀ ವ್ಯೂ.

ಕೊನೆಯದನ್ನೇ ಮೊದಲು ನೋಡೋಣ. ನೀರು ಕಾಣುವ ಮನೆಯನ್ನು ಬಾಗಲಕೋಟೆಯವರಿಗೆ ಮಾರಲು ಬಂದವನಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ಈ ಊರಿನಲ್ಲಿ ಮನೆಯ ಅಡ್ರೆಸ್ಸು ಓಣಿಯ ಹೆಸರಿನಲ್ಲಲ್ಲ, ಹಿನ್ನೀರು ಏರುವ ಮೀಟರಿನಲ್ಲಿರುತ್ತದೆ. 521ರ ಒಳಗಿನವರು ಮೊದಲು ಗಂಟುಮೂಟೆ ಕಟ್ಟಿದರು, 523ರವರು ಆಮೇಲೆ, 525ರವರು ಸರದಿಯಲ್ಲಿ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದಾಗ ಹುಟ್ಟಿದ ಕೂಸು ನೌಕರಿ ಮುಗಿಸಿ ಪೆನ್ಶನ್ ತಗೊಳ್ಳುತ್ತಿದೆ. ಮುಳುಗಡೆ ಇನ್ನೂ ಸರ್ವೀಸಿನಲ್ಲಿದೆ. ಇಂಥವರ ಮುಂದೆ "ಕಿಟಕಿ ತಗದ್ರ ನೀರs ನೀರು ಕಾಕಾರ" ಅಂದರೆ ಬರುವ ಪ್ರಶ್ನೆ ಒಂದೇ: "ಎಷ್ಟು ಮೀಟರಿನ್ಯಾಗ ಐತಿ ತಮ್ಮಾ? ಮುಳಗಿದ್ರ ಪರಿಹಾರ ಯಾರು ಕೊಡ್ತಾರ?"

ಹೋಗಲಿ, ವರ್ಷಗಟ್ಟಲೆ ಅಲ್ಲೇ ಇರಲು ಬಿಡುವ ಆ ಗೋಲ್ಡನ್ ವೀಸಾಕ್ಕೆ ಬರೋಣ. 23 ಲಕ್ಷ ರೂಪಾಯಿ ಕೊಟ್ಟರೆ ಜೀವಮಾನದ ಗೋಲ್ಡನ್ ವೀಸಾ ಅಂತ 2025ರ ಜುಲೈನಲ್ಲಿ ಒಂದು ಸುದ್ದಿ ಓಡಾಡಿತು. ಅದು ಸುಳ್ಳು ಅಂತ ಅಲ್ಲಿನ ಸರ್ಕಾರವೇ ಕೆಲವೇ ದಿನದಲ್ಲಿ ಹೇಳಿತು. ನಮ್ಮ ವಾಟ್ಸಾಪ್ ಗುಂಪುಗಳಿಗೆ ಆ ನಿರಾಕರಣೆ ಇನ್ನೂ ತಲುಪಿಲ್ಲ. ಆಸ್ತಿಯ ಮೇಲೆ ಸಿಗುವ ಹತ್ತು ವರ್ಷದ ವೀಸಾಕ್ಕೆ ಆಸ್ತಿ ಕನಿಷ್ಠ 20 ಲಕ್ಷ ದಿರ್ಹಮಿನದಾಗಿರಬೇಕು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದ ಪ್ರಕಾರ ಒಬ್ಬ ಮನುಷ್ಯ ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್. ಡಾಲರಿಗೆ 3.6725 ದಿರ್ಹಮ್, ಈ ದರ ಕದಲುವುದಿಲ್ಲ. ಗುಣಿಸಿದರೆ 9,18,125 ದಿರ್ಹಮ್. ಅಂದರೆ ಒಂದೇ ವರ್ಷದಲ್ಲಿ ಪೂರಾ ದುಡ್ಡು ಕಟ್ಟಬೇಕಾದರೆ ಮನೆಯ ಮೂರು ಜನರ ಕೋಟಾ ಬೇಕು, ಆ ಮೂವರೂ ಆಸ್ತಿಯಲ್ಲಿ ಪಾಲುದಾರರಾಗಿರಬೇಕು. ಹೆಂಡತಿಯ ಖಾತೆಯಿಂದ ಕಳಿಸಿ ಗಂಡನೊಬ್ಬನ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ.

ಇದು ನಮ್ಮವರಿಗೆ ಹೊಸದೇನಲ್ಲ ಬಿಡಿ. ಅಜ್ಜನ ಹೆಸರಿನ ಕೆಳಗೆ ಹನ್ನೊಂದು ವಾರಸುದಾರರು ನೇತಾಡುತ್ತಿರುವ ಪಹಣಿ ಉತಾರ, ಪಾಲು-ವಾಟ್ನಿ ಆಗದೆ ಕೋರ್ಟಿನಲ್ಲಿ ಕೊಳೆಯುತ್ತಿರುವ ಪರಿಹಾರ, ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕಲು ಒಲ್ಲೆ ಅನ್ನುವ ಅಕ್ಕ. ಇಷ್ಟು ಅನುಭವ ಇರುವ ಮನೆತನ ಇನ್ನೊಂದು ಜಂಟಿ ಖಾತೆಗೆ ಹೆದರುತ್ತದೆಯೇ? ಯಜಮಾನ ಉಯಿಲು ಬರೆಯದೆ ಹೋದರೆ ಅಲ್ಲಿ ಮುಸ್ಲಿಮೇತರರಿಗೆ ಬೇರೆ ಕಾಯ್ದೆ ಇದೆ. ಅರ್ಧ ಹೆಂಡತಿಗೆ, ಉಳಿದರ್ಧ ಗಂಡು-ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ. ಅಕ್ಕನಿಗೆ ಈ ವಿಷಯ ತಿಳಿದರೆ ಫ್ಲ್ಯಾಟಿಗೆ ಮೊದಲು ಒಪ್ಪುವವಳು ಅವಳೇ.

ಟ್ಯಾಕ್ಸ್ ಸೊನ್ನೆ. ಒಪ್ಪಿದೆ, ಅಲ್ಲಿ ಅದಕ್ಕೆ ಟ್ಯಾಕ್ಸ್ ಅನ್ನುವುದಿಲ್ಲ, ಫೀ ಅನ್ನುತ್ತಾರೆ. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ಬೆಲೆಯ ಶೇ. 4, ಸಾಮಾನ್ಯವಾಗಿ ಕೊಳ್ಳುವವನ ಕಿಸೆಯಿಂದಲೇ. ಮೇಲೆ ಚದರ ಅಡಿ ಲೆಕ್ಕದಲ್ಲಿ ಪ್ರತಿ ವರ್ಷ ಸರ್ವೀಸ್ ಚಾರ್ಜು. ಅಡಿಗೆ 15 ದಿರ್ಹಮ್ ಅಂತ ಹಿಡಿದರೆ 700 ಅಡಿಗೆ 10,500 ದಿರ್ಹಮ್, ಬಾಡಿಗೆಯವರಿರಲಿ ಇಲ್ಲದಿರಲಿ. ಇನ್ನು ಇತ್ತ ಕಡೆ: ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. 60 ಲಕ್ಷ ಕಳಿಸಲು ಕೈಯಲ್ಲಿ 70 ಲಕ್ಷ ಇರಬೇಕು. "ಅದು ವಾಪಸ್ ಬರ್ತೈತಿ ಬಿಡ್ರಿ" ಅನ್ನುತ್ತಾನೆ ಹುಡುಗ. ಬರುತ್ತದೆ, ರಿಟರ್ನ್ ತುಂಬಿದ ಮೇಲೆ. ಹೊಲದ ಆದಾಯ ಬಿಟ್ಟು ಬೇರೇನೂ ಇಲ್ಲದೆ ಜನ್ಮದಲ್ಲಿ ರಿಟರ್ನ್ ತುಂಬದ ಮನುಷ್ಯ ಇನ್ನು ಪ್ರತಿ ವರ್ಷ ತುಂಬಬೇಕು, ಆದಾಯ ಇರಲಿ ಬಿಡಲಿ. ಅದರಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ಬೇರೆ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ. 2024ರ ಅಕ್ಟೋಬರಿನಿಂದ 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ಒಂದಿಷ್ಟು ರಿಯಾಯಿತಿ ಸಿಕ್ಕಿತು, ಆದರೆ ಮನೆ-ಜಮೀನಿಗೆ ಅದೂ ಇಲ್ಲ. ದುಬೈ ಬಾಡಿಗೆ ಇಲ್ಲಿನ ಆದಾಯದಲ್ಲಿ ತೋರಿಸಬೇಕು ಎಂಬುದನ್ನು ಯಾವ ಪಾಂಪ್ಲೆಟ್ಟೂ ಬರೆಯುವುದಿಲ್ಲ.

ಆ 1 ಪರ್ಸೆಂಟ್ ಇದೆಯಲ್ಲ, ಅದು ಬಲು ಚೆಂದದ ಉರುಳು. ಕಟ್ಟಡ ಇನ್ನೂ ಎದ್ದಿರುವುದಿಲ್ಲ. ಪ್ರತಿ ಕಂತಿಗೂ ಬ್ಯಾಂಕಿಗೆ ಹೋಗಿ ಎ2 ಫಾರ್ಮ್ ತುಂಬಬೇಕು, ಉದ್ದೇಶದ ಕೋಡು ಎಸ್0005 ಹಾಕಬೇಕು. ಇದಕ್ಕಾಗಿ ಬ್ಯಾಂಕು ಸಾಲ ಕೊಡುವಂತಿಲ್ಲ. ರೂಪಾಯಿ ಜಾರಿದಷ್ಟೂ ಕಂತು ಉಬ್ಬುತ್ತದೆ. ನಡುವೆ ಕೈ ಸೋತಿತು ಅನ್ನಿ, 30 ದಿನದ ನೋಟಿಸು. ಆಮೇಲೆ ಬಿಲ್ಡರು ಒಪ್ಪಂದ ಮುರಿದು ದುಡ್ಡು ಇಟ್ಟುಕೊಳ್ಳಬಹುದು. ಕೆಲಸ ಶೇ. 60 ದಾಟಿದ್ದರೆ ಶೇ. 40ರವರೆಗೆ, ಅದಕ್ಕಿಂತ ಕಡಿಮೆ ಆಗಿದ್ದರೆ ಶೇ. 25ರವರೆಗೆ. ನೀವು ಕಟ್ಟಿದ್ದರಲ್ಲಿ ಅಲ್ಲ, ಫ್ಲ್ಯಾಟಿನ ಪೂರ್ತಿ ಬೆಲೆಯಲ್ಲಿ! ಎರಡು ವರ್ಷ ತಿಂಗಳಿಗೆ ಒಂದರಂತೆ ಕಟ್ಟಿದವನದು ಶೇ. 24 ಆಗಿರುತ್ತದೆ. ಲೆಕ್ಕ ನೀವೇ ಮಾಡಿ. 2008-09ರಲ್ಲಿ ಅಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಾಗ ಹೀಗೆ ಅರ್ಧ ಕಟ್ಟಿ ಕೈಬಿಟ್ಟವರು ಬಹಳ ಮಂದಿ.

ಇಷ್ಟೆಲ್ಲ ರಗಳೆ ಯಾಕೆ, ಕ್ಯಾಶ್ ಇಲ್ಲೇ ಕೊಡಿ, ಅಲ್ಲಿ ಜಮಾ ಆಗುತ್ತದೆ ಅನ್ನುವ ಮಹಾನುಭಾವರೂ ಇದ್ದಾರೆ. ಅದರ ಹೆಸರು ಹವಾಲಾ. ಸಿಕ್ಕಿಬಿದ್ದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ. 37ಎ ಕಲಂ ಇನ್ನೂ ಸೊಗಸು: ಹೊರಗಿನ ಆಸ್ತಿಗೆ ಸಮನಾದ ಆಸ್ತಿಯನ್ನು ಇ.ಡಿ.ಯವರು ಇಲ್ಲೇ ಜಪ್ತಿ ಮಾಡಬಹುದು. ಮುಳುಗದೆ ಉಳಿದ ಎರಡು ಎಕರೆ ಇದ್ದರೆ ಅದಕ್ಕೂ ಒಂದು ವ್ಯವಸ್ಥೆ ಆಯಿತು.

ನಗು ಸಾಕು. ಹೊಲ ಕಳಕೊಂಡವನ ಕೈಗೆ ಒಮ್ಮೆಲೇ ಕೋಟಿ ರೂಪಾಯಿ ಇಟ್ಟು, ಇದನ್ನು ಎಲ್ಲಿಡಬೇಕು ಅಂತ ಒಂದು ಮಾತು ಹೇಳುವ ಮನುಷ್ಯ ಇಡೀ ವ್ಯವಸ್ಥೆಯಲ್ಲಿ ಇಲ್ಲ. ಭೂಸ್ವಾಧೀನದ ಕಚೇರಿಗೆ ಸಹಿ ಬೇಕು, ಬ್ಯಾಂಕಿಗೆ ಡಿಪಾಜಿಟ್ಟು ಬೇಕು, ಏಜೆಂಟನಿಗೆ ಬಿಲ್ಡರಿನ ಕಮಿಷನ್ ಬೇಕು. ಮೂರು ತಲೆಮಾರು ಕಾದು ಬಂದ ದುಡ್ಡು ಹೀಗೆ ಹೋದರೆ ಕೇಳುವವರು ಯಾರು? ಬಿಲ್ಡರುಗಳ ಮೇಲೆ ಕಣ್ಣಿಡುವ ಕರ್ನಾಟಕದ ರೇರಾಕ್ಕೆ ದುಬೈ ಕಟ್ಟಡದ ಮೇಲೆ ಅಧಿಕಾರವಿಲ್ಲ. ದೂರು ಅಲ್ಲೇ ಕೊಡಬೇಕು, ಅಲ್ಲಿನ ವಕೀಲನನ್ನೇ ಹಿಡಿಯಬೇಕು.

ಕೊಳ್ಳಲೇಬೇಕು ಅನ್ನುವವರನ್ನು ತಡೆಯುವುದಾಗದು. ಆದರೆ ಹುಡುಗ ಮನೆಗೆ ಬಂದಾಗ ಕೂರಿಸಿ, ಚಹಾ ಕೊಟ್ಟು, ಇಷ್ಟು ಕೇಳಿ. ನಿನ್ನ ಹತ್ತಿರ ದುಬೈ ಬ್ರೋಕರ್ ಕಾರ್ಡು ಇದೆಯೇ, ನಂಬರೇನು? ಈ ಜಾಗ ವಿದೇಶಿಯರು ಪೂರ್ಣ ಒಡೆತನದಲ್ಲಿ ಕೊಳ್ಳಬಹುದಾದ ಗುರುತಿಸಿದ ಪ್ರದೇಶದಲ್ಲಿದೆಯೇ? ದುಡ್ಡು ಹೋಗುವುದು ಆ ಯೋಜನೆಯ ಹೆಸರಿನ, ಅದಕ್ಕೇ ಮೀಸಲಾದ ಎಸ್ಕ್ರೋ ಖಾತೆಗೋ, ಇನ್ನಾರದೋ ಖಾತೆಗೋ? ಅಲ್ಲಿಯ ನೋಂದಣಿ, ಅದೇ ಊಕೂದ್, ನನ್ನ ಹೆಸರಿಗೆ ಯಾವಾಗ? ಕಟ್ಟಡ ಈಗ ಎಷ್ಟು ಮೇಲೆದ್ದಿದೆ, ಅಲ್ಲಿನ ಸರ್ಕಾರದ ದುಬೈ ರೆಸ್ಟ್ ಆ್ಯಪ್ ತೆಗೆದು ಇಲ್ಲೇ ತೋರಿಸು.

ಅವನು ಚಹಾ ಕೆಳಗಿಟ್ಟು ಅನ್ನುತ್ತಾನೆ: "ಕಾಕಾರ, ಆಫರ್ ರವಿವಾರದ ತನಕ ಅಷ್ಟs ಐತ್ರಿ."