ಡ್ರಾಕುಲಾನ ಬೆನ್ನು ತೋರಿಸಿ ಸ್ವಾಮಿ

ಹಳೇ ಹಾರರ್ ಸಿನಿಮಾಗಳ ಸ್ಟಿಲ್ ಫೋಟೋ ಕೂಡಿಡುವ ಒಂದು ಪಂಗಡವೇ ಅಮೆರಿಕದಲ್ಲಿದೆ. 1931ರ 'ಡ್ರಾಕುಲಾ' ಸ್ಟಿಲ್ ಒಂದನ್ನು ಇವರ ಕೈಗೆ ಕೊಟ್ಟು ನೋಡಿ. ರಕ್ತ ಹೀರುವ ಡ್ರಾಕುಲಾನ ಪಾತ್ರ ಮಾಡಿದ ನಟ ಬೆಲಾ ಲುಗೋಸಿ ಕಣ್ಣು ಕೆಕ್ಕರಿಸಿಕೊಂಡು ಹೆದರಿಸಲು ನಿಂತಿರುತ್ತಾನೆ. ಇವರು ಮುಖ ನೋಡುವುದೇ ಇಲ್ಲ. ಫೋಟೋ ಎಷ್ಟು ಹಳೇದು ಅನ್ನೋ ಸುಳಿವಿಗೆ ಫಟ್ಟನೆ ಮಗುಚಿ ಹಿಂಬದಿ ನೋಡುತ್ತಾರೆ. ಸ್ಟುಡಿಯೋ ಸೀಲು ಇದೆಯಾ? ಅಂಟಿಸಿದ ಚೀಟಿ ಹರಿದಿಲ್ಲ ತಾನೆ? ಪೆನ್ಸಿಲ್ಲಿನಲ್ಲಿ ಗೀಚಿದ್ದು ಯಾರು? ಪಾಪ, ಲುಗೋಸಿ ಅಷ್ಟು ಹೊತ್ತೂ ಮೇಜಿನ ಮೇಲೆ ಬೋರಲು ಬಿದ್ದಿರುತ್ತಾನೆ.

ಈ ಎಂಟು ಇಂಚು, ಹತ್ತು ಇಂಚಿನ ಕಪ್ಪುಬಿಳುಪು ಕಾಗದ ಮಾರೋದಕ್ಕೆ ಅಂತ ಮಾಡಿದ್ದೇ ಅಲ್ಲ. ಪತ್ರಿಕೆಗಳಿಗೆ ಸ್ಟುಡಿಯೋದವರು ಸುಮ್ನೆ ಹಂಚುತ್ತಿದ್ದರು. ಥಿಯೇಟರಿನಲ್ಲಿ ಪಿನ್ನು ಚುಚ್ಚಿ ನೇತುಹಾಕುತ್ತಿದ್ದರು. ಈಗ ಆ ಪಿನ್ನಿನ ತೂತಿಗೆ ಭೂತಗನ್ನಡಿ ಹಿಡಿಯುತ್ತಾರೆ. ಮೂಲೆಯಲ್ಲಿ ತೂತು ಕಂಡರೆ ಬೆಲೆ ಇಳಿಯಿತು. ದುಡಿದ ಫೋಟೋಗಿಂತ ಲಕೋಟೆಯೊಳಗೆ ಮಲಗೇ ಇದ್ದ ಫೋಟೋಗೆ ಮರ್ಯಾದೆ ಜಾಸ್ತಿ!

ಜಾತಿ ಬೇರೆ ಇದೆ. ಫೋಟೋ ತೆಗೆದ ಸುಮಾರು ಎರಡು ವರ್ಷದೊಳಗೆ ಮೂಲ ನೆಗೆಟಿವ್‌ನಿಂದ ಪ್ರಿಂಟ್ ಹಾಕಿದ್ದರೆ ಅದು 'ಟೈಪ್ ಒನ್'. ಅದೇ ನೆಗೆಟಿವ್, ಅದೇ ಲುಗೋಸಿ, ಅದೇ ಕರಿ ನಿಲುವಂಗಿ, ಆದರೆ ಐದಾರು ವರ್ಷ ಬಿಟ್ಟು ಪ್ರಿಂಟ್ ಹಾಕಿದರೋ, 'ಟೈಪ್ ಟೂ'. ಹಿಂದಿನ ಪಂಕ್ತಿಯಲ್ಲಿ ಕೂರಬೇಕು. ಅಸಲಿಯೋ ನಕಲಿಯೋ ಅನ್ನೋ ಪರೀಕ್ಷೆ ಪಾಸಾದದ್ದನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಸೀಲ್ ಮಾಡುತ್ತಾರೆ. ರಾತ್ರಿ ಎದ್ದು ತಿರುಗುವ ಪಿಶಾಚಿಗೆ ಇಷ್ಟು ಭದ್ರವಾದ ಶವಪೆಟ್ಟಿಗೆ ಸಿನಿಮಾದಲ್ಲೂ ಸಿಕ್ಕಿರಲಿಲ್ಲ.

ಅಂದ ಹಾಗೆ, ಡ್ರಾಕುಲಾ ಪಾತ್ರಕ್ಕೆ ಲುಗೋಸಿಗೆ ಸಿಕ್ಕಿದ್ದು ವಾರಕ್ಕೆ 500 ಡಾಲರ್, ಏಳು ವಾರಕ್ಕೆ 3,500. 1932ರಲ್ಲಿ ಮನುಷ್ಯ ದಿವಾಳಿ. ಅದೇ ಸಿನಿಮಾದ ಒಂದು ಪೋಸ್ಟರ್ 2017ರ ಹರಾಜಿನಲ್ಲಿ 5,25,800 ಡಾಲರ್‌ಗೆ ಹೋಯಿತು. ರಕ್ತ ಹೀರಿದ್ದು ಯಾರು ಅಂತ ನಾನು ಹೇಳೋದಿಲ್ಲಪ್ಪ.

ಇದಕ್ಕಿಂತ ತಮಾಷೆ 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್'. ಅದರ ಪೋಸ್ಟರ್ 2014ರಲ್ಲಿ 4,78,000 ಡಾಲರ್ ಮುಟ್ಟಿತು. ಸಿನಿಮಾ ಹೇಗಿದೆ ಅಂತ ಮಾತ್ರ ಕೇಳಬೇಡಿ. ಉಳಿದಿದ್ದ ಪ್ರಿಂಟು ಎಂಜಿಎಂ ಸ್ಟುಡಿಯೋದ ಉಗ್ರಾಣದಲ್ಲೇ ಬೆಂಕಿಗೆ ಆಹುತಿಯಾಗಿದೆ. 2002ರಲ್ಲಿ ಒಂದು ಟಿವಿ ಚಾನೆಲ್‌ನವರು ಸ್ಟಿಲ್‌ಗಳನ್ನೇ ಸಾಲಾಗಿ ಜೋಡಿಸಿ ಸಿನಿಮಾ ಅಂತ ತೋರಿಸಿದರು. ಉಗ್ರಾಣದಲ್ಲಿ ಜೋಪಾನ ಮಾಡಿದ್ದು ಸುಟ್ಟುಹೋಯಿತು, ಊರೆಲ್ಲ ಹಂಚಿದ್ದು ಉಳಿಯಿತು. ಈ ಮಾತನ್ನು ಸಂಗ್ರಾಹಕರ ಮುಂದೆ ಆಡಬೇಡಿ. ಇನ್ನೂ ದೊಡ್ಡ ಬೀಗ ತರುತ್ತಾರೆ.